ಚೀಟಿ ನಂಬರ್ ನಲವತ್ತೊಂದು

ನೆಲ್ಲಿಕೊಲ್ಲಿ ಹಾಡಿಯ ಮಕ್ಕಳಿಗೆ ನಾನು ಸೂಜಿಯಣ್ಣ.
ಊರು ಪಿರಿಯಾಪಟ್ಟಣ, ಕೆಲಸ ರಕ್ತ ತೆಗೆಯುವುದು;
ತೆಗೆದದ್ದು ಎಲ್ಲಿಗೆ ಹೋಗುತ್ತದೆಂದು
ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ, ನಾನೂ.

ತಿತಿಮತಿ ದಾಟಿ, ಕಾಫಿ ತೋಟದ ಬೇಲಿ ಮುಗಿದು,
ಆನೆ ಕಂದಕಕ್ಕೆ ಹಾಸಿದ ಎರಡು ಹಲಗೆಯಾಚೆ
ಹಾಡಿ. ಜೀಪು ಈಚೆಗೇ ನಿಲ್ಲಬೇಕು.
ಡಾಕ್ಟರಮ್ಮ ಐಸ್ ಪೆಟ್ಟಿಗೆಯ ಒಂದು ಕಿವಿ ತಾವೇ ಹಿಡಿದರು,
ಕುರ್ಚಿ ತಂದಿಟ್ಟರೂ ಕೂರದೆ, ಚಾಪೆಯ ಅಂಚಿಗೆ ಕೂತು
ಸಮ್ಮತಿ ಪತ್ರ ಓದಿದರು:
"ಸದರಿ ಅಧ್ಯಯನದಲ್ಲಿ ಪಾಲ್ಗೊಳ್ಳಲು
ಸ್ವಇಚ್ಛೆಯಿಂದ ಒಪ್ಪಿರುತ್ತೇನೆ."
ಮರಗೆಣಸು ಸುಲಿಯುತ್ತಿದ್ದ ಬೊಳ್ಳಿ
ತಲೆ ಎತ್ತದೆ ಕೇಳಿದಳು:
"ಒಪ್ಪಿರುತ್ತೇನೆ ಅಂದ್ರೆ ಯಾರು? ನಾನಾ?
ಇನ್ನೂ ಒಪ್ಪೇ ಇಲ್ಲವಲ್ಲ."

ಎಲ್ಲರೂ ನಕ್ಕರು. ಆಶಾ ಕೆಲಸದ ಗಂಗೆ ಮಾತ್ರ ನಗಲಿಲ್ಲ;
ಅವಳಿಗೆ ಬೊಳ್ಳಿ ಗೊತ್ತು.

ಡಾಕ್ಟರಮ್ಮ ದಾರಿ ಬದಲಿಸಿದರು,
ಜೇನಿನ ಮಾತು ತೆಗೆದರು: ಹತ್ತುವ ಮುಂಚೆ
ಮರವನ್ನೇ ಕೇಳುತ್ತೀರಂತೆ, ಹಾಗೇ ನಾವೂ...
"ಜೇನಿನ ಮಾತು ಬೇಡಿ," ಅಂದಳು ಬೊಳ್ಳಿ.
"ಬಂದವರೆಲ್ಲ ಅದನ್ನೇ ಬರಕೊಂಡು ಹೋದ್ರು.
ಕಾಡಿನ ಗೇಟು ಮುಚ್ಚಿ ಎಷ್ಟು ವರ್ಷಾಯ್ತು,
ಅದನ್ನ ಯಾರೂ ಕೇಳ್ಲಿಲ್ಲ."

ಒಳಗೆ ಹೋಗಿ ಬಂದಳು.
ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನಿಂದ
ನೀಲಿ ಚೀಟಿಯೊಂದು ತೆಗೆದಳು. ನಲವತ್ತೊಂದು.
"ಇದು ನನ್ನ ಮಾಸನ ರಕ್ತ. ಹನ್ನೆರಡು ವರ್ಷಾಯ್ತು.
ರಾತ್ರಿಯೆಲ್ಲ ಮಂಡಿ ಹಿಡಕೊಂಡು ಅಳೋನು.
ರಿಪೋರ್ಟು ಬರ್ತದೆ, ಇರಿ ಅಂದ್ರು. ಇದ್ದೆ.
ಅವನು ಇರ್ಲಿಲ್ಲ."

ನಾಲ್ಕರ ತಲೆ ಮುಚ್ಚದೆ ಬಿಡುವುದು ನನ್ನ ಕೈಯ ಚಾಳಿ.
ಚೀಟಿ ಕೈಯಿಂದ ಕೈಗೆ ದಾಟಿ ಬಂತು.
ನಾಲ್ಕರ ತಲೆ ತೆರೆದೇ ಇತ್ತು.
ಹುಡುಗನ ಮುಖ ನೆನಪಾಗಲಿಲ್ಲ. ನರ ಸಿಗದೆ
ಎರಡು ಸಲ ಚುಚ್ಚಿದ ಕೈಗಳು ಎಷ್ಟೋ,
ಅದರಲ್ಲಿ ಅವನದೂ ಒಂದಿರಬೇಕು.

ಆ ದಿನ ಪೆಟ್ಟಿಗೆ ಖಾಲಿಯೇ ಹಲಗೆ ದಾಟಿತು.
ಐಸು ಕರಗಿ ನನ್ನ ಪ್ಯಾಂಟು ನೆನೆಯಿತು.

ಮೈಸೂರಿನಲ್ಲಿ ಮೂರು ವಾರ ಹುಡುಕಿದೆವು.
ಪರೀಕ್ಷೆ ಆಗಿತ್ತು, ಹದಿನೈದೇ ದಿನದಲ್ಲಿ.
ಕುಡುಗೋಲು ಕಣ ರೋಗ ಎಂದು ಸ್ಪಷ್ಟ ಬರೆದಿತ್ತು.
ಯಾವುದೋ ಪ್ರಬಂಧದ ಮೂರನೆಯ ಕೋಷ್ಟಕದಲ್ಲಿ
ಶೇಕಡಾ ಅರ್ಧದೊಳಗೆ ಅವನೂ ಇದ್ದ.
ಹಾಡಿಗೆ ತಲುಪಿಸುವ ಕೆಲಸ ಯಾರದೆಂದು
ಯಾವ ಹಾಳೆಯಲ್ಲೂ ಇರಲಿಲ್ಲ.

ನಾನೇ ಒಯ್ದೆ. ಗೋಣಿಕೊಪ್ಪದ ಬಸ್ಸು, ಆಮೇಲೆ ನಡಿಗೆ;
ತೋಟವೆಲ್ಲ ಕಾಫಿ ಹೂ ಬಿಟ್ಟು ಬೆಳ್ಳಗಿತ್ತು,
ಸಾಕಪ್ಪ ಎನ್ನುವಷ್ಟು ಘಮ.
ಓದಿ ಹೇಳಿದೆ. ಗಂಗೆ ಹಾಡಿಯ ಮಾತಿನಲ್ಲಿ
ಮತ್ತೊಮ್ಮೆ ಹೇಳಿದಳು.
"ಹೆಸರಿತ್ತಾ ಹಾಗಾದ್ರೆ ಅದಕ್ಕೆ," ಅಂದಳು ಬೊಳ್ಳಿ.
"ಯಾರೋ ಮಾಡಿಸಿದ್ದು ಅಂದ್ಕೊಂಡು
ಅವನ ಚಿಕ್ಕಪ್ಪನ ಹತ್ರ ಮಾತು ಬಿಟ್ಟಿದ್ವಿ."

ಆಮೇಲಿನದು ನಿಧಾನದ ಕೆಲಸ.
ಯಜಮಾನ ಚೆಲುವ ಮೂರು ಸಂಜೆ ಎಲ್ಲರನ್ನೂ ಸೇರಿಸಿದ:
ರಕ್ತ ಹೋದ ದಾರಿಯಲ್ಲೇ ಕಾಗದ ವಾಪಸು ಬರಬೇಕು,
ಮಳೆ ಹಿಡಿಯುವ ಮೊದಲು.
ಉಳಿದ ರಕ್ತ ಇನ್ನೊಂದು ಕೆಲಸಕ್ಕೆ ಬಳಸಕೂಡದು.
ಮೊದಲ ಸೂಜಿ ಸೂಜಿಯಣ್ಣನಿಗೇ.
ಚುಚ್ಚಿಕೊಂಡೆ. ಮಕ್ಕಳು ಕುಣಿದವು.

ನಮ್ಮ ಫಾರಂನಲ್ಲಿ ಹೂಂ ಎನ್ನುವುದಕ್ಕೆ ಮಾತ್ರ ಜಾಗವಿತ್ತು,
ಹೆಬ್ಬೆಟ್ಟಿನಗಲದ ಚೌಕ.
ಡಾಕ್ಟರಮ್ಮ ಶಾಲೆ ಹುಡುಗನೊಬ್ಬನ ಸ್ಕೇಲು ಕೇಳಿ ಪಡೆದು
ಅಂಚಿನಲ್ಲಿ ಗೆರೆ ಎಳೆದರು.
ಮೇಲೆ ಬರೆದರು: ಬೇಡ.

ಆ ಕಾಲಮ್ಮಿನ ಮೊದಲ ಹೆಸರು ಬೊಳ್ಳಿಯದು.
ಇಂಕಿನ ಡಬ್ಬಿ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದಳು;
ಗಂಗೆ ಕಲಿಸಿದ್ದಳಂತೆ.
ಎರಡಕ್ಷರ, ಒತ್ತು ಸಮೇತ,
ತಾನೇ ಬರೆದಳು.